ಒಂಬತ್ತಕ್ಕೆ ಮನೆ ಸೇರಬೇಕಾದವಳು

ಶೋಭಾರಾಣಿಯ ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ಐದು ತಿಂಗಳ ಹೆಣ್ಣುಕೂಸು ಸ್ಫೂರ್ತಿ, ರಬ್ಬರಿನ ತೊಟ್ಟು ತುಟಿಗೆ ತಾಕಿದರೆ ಸಾಕು, ಹಾಗಲಕಾಯಿ ಅಗಿದವರ ಹಾಗೆ ಮುಖ ಕಿವುಚಿ, ಬೆನ್ನು ಸೆಟೆಸಿ, ಕಾಡುಗೋಡಿಯ ಆ ಒಂದು ಕೋಣೆಯ ಮನೆಯಿಂದ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಅದಕ್ಕೆ ತಾಯಿಯೇ ಆಗಬೇಕು. ಹೀಗಾಗಿ ಭಾನುವಾರ ನಸುಕಿನಲ್ಲಿ ನಾಲ್ಕೂಮುಕ್ಕಾಲಿಗೆ ಹಾಲು ಕುಡಿಸಿ ಕೆಲಸಕ್ಕೆ ಹೊರಟ ಶೋಭಾ ಒಂಬತ್ತಕ್ಕೆ ಮನೆ ಸೇರಲೇಬೇಕು. ನಾಲ್ಕು ಗಂಟೆ ಅನ್ನುವುದು ಮಗುವಿನ ಹೊಟ್ಟೆಗೂ ಅವಳ ಎದೆಗೂ ಇದ್ದ ಗಡುವು.

ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆಂದು ಹಾವೇರಿ ಕಡೆಯಿಂದ ಬಂದ ಅತ್ತೆ ಮಹಾದೇವಿ ಬಾಣಂತನ ಮುಗಿದ ಮೇಲೂ ಉಳಿದುಕೊಂಡಿದ್ದರು. ಆ ಭಾನುವಾರ ಸೊಸೆ ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಬಿಗಿದು, ಅದರ ಮೇಲೆ ಹೆಲ್ಮೆಟ್ ಹಾಕಿಕೊಳ್ಳುವುದನ್ನು ಅವರು ಹಾಸಿಗೆಯಿಂದಲೇ ನೋಡಿದರು.

“ಐದ ತಿಂಗಳ ಬಾಣಂತಿ, ಇಂಥಾ ಚಳಿಯಾಗ ಸೈಕಲ್ ಹೊಡಿಲಿಕ್ಕೆ ಹೊಂಟೀಯಲ್ಲ. ನಾಳೆ ಸೊಂಟ ಹಿಡದ್ರ ನನ್ನ ಮಗಾನ ಎತ್ತಬೇಕು ನಿನ್ನ.”

“ಬ್ಯಾಟರಿ ಸೈಕಲ್ ಅತ್ತೆ. ತುಳಿಯೋದೇನಿಲ್ಲ.”

“ತುಳಿಯೂದಿಲ್ಲಂದ್ರ ನಿನ್ನ ಯಾಕ ಕರೀತಾರ? ಸೈಕಲ್ಲಿಗೇ ಹೇಳಿ ಕಳಸಲಿ.”

ಶೋಭಾ ಮಗುವಿನ ಕಡೆ ಬಗ್ಗಿದಳು. ಟೋಪಿಯ ದಾರ ಕುತ್ತಿಗೆಗೆ ಬಿಗಿಯಾಗಿಲ್ಲ ತಾನೇ ಎಂದು ಬೆರಳು ತೂರಿಸಿ ನೋಡಿದಳು, ಕಾಲುಚೀಲ ಮೇಲೆಳೆದಳು, ಕಿಟಕಿಯ ಸಂದಿಗೆ ತುರುಕಿದ್ದ ಹಳೇ ಸೀರೆ ಸಡಿಲಾಗಿದೆಯೇ ಎಂದು ಮತ್ತೊಮ್ಮೆ ಒತ್ತಿದಳು. ಗಂಡ ಈರೇಶ್ ಐಟಿ ಪಾರ್ಕೊಂದರಲ್ಲಿ ಜನರೇಟರ್ ನೋಡಿಕೊಳ್ಳುವವನು. ಅವನಿಗೆ ಭಾನುವಾರವೂ ಶಿಫ್ಟು. ಧನುರ್ಮಾಸದ ಪೂಜೆಗೆ ದೇವಸ್ಥಾನದ ಮೈಕು ಆಗಲೇ ಶುರುವಾಗಿತ್ತು. ಆ ಸದ್ದಿಗೆ ಮಗು ಎದ್ದೀತೆಂಬ ಭಯದಲ್ಲಿ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಬಿದ್ದಳು.

ಈ ಕೆಲಸ ಅವಳಿಗೆ ಸಿಕ್ಕಿದ್ದು ಬ್ಯಾಟರಿಯಿಂದ. ಲಗ್ಗೆರೆಯಲ್ಲಿ ಹುಟ್ಟಿ ಬೆಳೆದವಳು, ಪಿಯುಸಿ ಆದ ಮೇಲೆ ಪೀಣ್ಯದ ಒಂದು ಶೆಡ್ಡಿನಲ್ಲಿ ಐದು ವರ್ಷ ಬ್ಯಾಟರಿ ಪ್ಯಾಕ್ ಜೋಡಿಸಿದ್ದಳು. ಬೆರಳುದ್ದದ ಸೆಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ನಿಕ್ಕಲ್ ಪಟ್ಟಿ ಇಟ್ಟು, ಚುಕ್ಕಿ ಚುಕ್ಕಿಯಾಗಿ ಬೆಸುಗೆ ಹಾಕುವುದು. ಸೂಪರ್‌ವೈಸರ್ ಮೀಟರು ಹಿಡಿಯುವ ಮೊದಲೇ ಸೊರಗಿದ ಸೆಲ್ಲು ಯಾವುದೆಂದು ಹೇಳಿಬಿಡುತ್ತಿದ್ದಳು. ಹೊಟ್ಟೆ ಕಾಣಿಸತೊಡಗಿದ ತಿಂಗಳು ಕಂಟ್ರಾಕ್ಟರು, “ಸ್ವಲ್ಪ ದಿನ ರೆಸ್ಟ್ ತಗೊಳ್ಳಮ್ಮ, ಈ ಹೊಗೆಯೆಲ್ಲ ಮಗೂಗೆ ಒಳ್ಳೇದಲ್ಲ” ಅಂದ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡು ಮನೆಗೆ ಬಂದಳು. ಎರಡು ದಿನ ಬಿಟ್ಟು, ಮರೆತಿದ್ದ ಊಟದ ಡಬ್ಬಿ ತರಲು ಹೋದರೆ ಅವಳ ಸ್ಟೂಲಿನ ಮೇಲೆ ಬೇರೊಬ್ಬ ಹುಡುಗಿ, ಕಿಡಿ ತಡೆಯುವ ಅವಳದೇ ಕನ್ನಡಕ ಹಾಕಿಕೊಂಡು, ಅವಳಷ್ಟೇ ಚುರುಕಾಗಿ ಬೆಸುಗೆ ಹಾಕುತ್ತಿದ್ದಳು. ಯಾರೂ ತಲೆ ಎತ್ತಲಿಲ್ಲ.

ಹೆರಿಗೆಯಾದ ಮೂರನೇ ತಿಂಗಳಿಗೆ ಗುರುರಾಜ್ ಸಿಕ್ಕ. ಕಾಡುಗೋಡಿಯಲ್ಲಿ ಅವನದೊಂದು ಅಂಗಡಿ: ನಾಲ್ಕಿಂಚು ದಪ್ಪದ ಟೈರಿನ ಎಲೆಕ್ಟ್ರಿಕ್ ಸೈಕಲ್ಲುಗಳು, ಒಂದೊಂದೂ ಮೂವತ್ತು ಕಿಲೋ. ಅಪಾರ್ಟ್‌ಮೆಂಟಿನ ಜನರನ್ನು ವಾರದ ಕೊನೆಯಲ್ಲಿ ಕೆರೆ ಅಂಗಳ, ನೀಲಗಿರಿ ತೋಪು, ರಾಗಿ ಕೊಯ್ದ ಹೊಲಗಳಲ್ಲಿ ಸುತ್ತಾಡಿಸುವುದು ಅವನ ವ್ಯಾಪಾರ. ಕೆಟ್ಟ ಬ್ಯಾಟರಿಯೊಂದನ್ನು ಬಿಚ್ಚಿ ಸರಿಮಾಡಿ ತೋರಿಸಿದ ಶೋಭಾಳನ್ನು ಅವನು ಆಗಲೇ ಕೆಲಸಕ್ಕೆ ಇಟ್ಟುಕೊಂಡ. ಸವಾರಿಯಲ್ಲಿ ಅವಳ ಜಾಗ ಎಲ್ಲರ ಹಿಂದೆ. ಬೆನ್ನ ಚೀಲದಲ್ಲಿ ಒಂದು ಬ್ಯಾಟರಿ ಹೊತ್ತು ಅವಳು ಹಿಂದಿನಿಂದ ಬರಬೇಕು. ಯಾರ ಸೈಕಲ್ ನಿಂತರೂ ಅದನ್ನು ಹಾಕಿಕೊಡಬೇಕು. ಎರಡನೆಯವರದೂ ನಿಂತರೆ ತನ್ನದನ್ನೇ ಕಳಚಿ ಕೊಡಬೇಕು. “ಗೆಸ್ಟ್ ಕಾಲು ನೆಲಕ್ಕೆ ತಾಗ್ಬಾರ್ದು” ಅನ್ನುವುದು ಗುರುರಾಜನ ಒಂದೇ ನಿಯಮ. ಆಮೇಲೆ ಅವಳು ಹೇಗೆ ಬರುತ್ತಾಳೆ ಅನ್ನುವುದಕ್ಕೆ ನಿಯಮ ಇರಲಿಲ್ಲ.

ಒಂಬತ್ತೂವರೆಗೆ ಎರಡನೇ ಬ್ಯಾಚು ಹೊರಡುತ್ತಿತ್ತು. ಅದಕ್ಕೂ ಬನ್ನಿ ಎಂದು ಅವನು ಮೂರು ಸಲ ಕೇಳಿದ್ದ. ಮಗು ಬಾಟಲಿ ಮುಟ್ಟಲ್ಲ ಸಾರ್, ಅಂದಿದ್ದಳು. ಮೂರು ಸಲವೂ ಅವನು ಸುಮ್ಮನಾಗಿದ್ದ. ಅತ್ತೆಗೂ ಅದೇ ಮಾತು, ಗಂಡನಿಗೂ ಅದೇ. ಹೊರಗೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಮಗು ಅತ್ತೆಯ ಕೈಯಲ್ಲಿ ಬಾಟಲಿ ಕಂಡು ಕಿರುಚಿದಾಗಲೆಲ್ಲ ಶೋಭಾಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಈ ಸ್ಟೂಲಿನ ಮೇಲೆ ಬೇರೆ ಯಾರನ್ನೂ ತಂದು ಕೂರಿಸಲಾಗದು.

ಆ ದಿನ ಎಂಟು ಜನ ಗೆಸ್ಟುಗಳು. ಹದಿಮೂರು ಡಿಗ್ರಿ ಚಳಿ, ಮಂಜು. ಕೆಸರಿನಲ್ಲಿ ಹಿಡಿತ ಬರಲೆಂದು ಕೆರೆಗೆ ಇಳಿಯುವ ಮೊದಲು ಎಲ್ಲ ಟೈರುಗಳ ಗಾಳಿ ಇಳಿಸಿದರು. ಗಾಳಿ ಇಳಿಸಿದರೆ ಗಾಡಿ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಥ್ರಾಟಲ್ ಒಂದನ್ನೇ ಒತ್ತದೆ ಆಗಾಗ ಪೆಡಲ್ ತುಳಿಯಬೇಕು ಎಂದು ಶೋಭಾ ಪ್ರತಿ ಸಲದಂತೆ ಹೇಳಿದಳು. ಪ್ರತಿ ಸಲದಂತೆ ಯಾರೂ ಕೇಳಲಿಲ್ಲ. ಸಿದ್ಧಾರ್ಥ್ ಅನ್ನುವವನು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ರಾಗಿ ಕೂಳೆಯ ಮೇಲೆ ಮೇಲಿಂದ ಮೇಲೆ ಗಾಡಿ ಹಾರಿಸಿದ. ಏಳೂವರೆಗೆ ಅವನ ಬ್ಯಾಟರಿ ಸತ್ತಿತು. ಬೆನ್ನ ಚೀಲದ್ದು ಅವನಿಗೆ ಹೋಯಿತು, ಸತ್ತದ್ದು ಚೀಲಕ್ಕೆ ಬಂತು.

ಎಂಟೂಕಾಲಿಗೆ, ಕೆರೆ ಅಂಗಳದ ನಟ್ಟನಡುವೆ, ಅವನ ಹೆಂಡತಿ ಶೀತಲ್ ನಿಂತಳು. “ಬ್ಯಾಟರಿ ಒಂದೇ ಗೀಟು ತೋರಿಸ್ತಿದೆ.”

ಶೋಭಾ ಬಗ್ಗಿ ನೋಡಿದಳು. “ತುಳೀತಾ ಹೋದ್ರೆ ಅಂಗಡಿವರೆಗೂ ಬರುತ್ತೆ ಮೇಡಂ. ಟಾರ್ ರೋಡ್ ಸಿಕ್ಮೇಲೆ ಪೂರ್ತಿ ಸುಲಭ.”

“ತುಳಿಯೋದಾದ್ರೆ ಮನೇಲಿ ಜಿಮ್ ಸೈಕಲ್ ಇದೆಯಲ್ಲಮ್ಮ,” ಅಂದ ಸಿದ್ಧಾರ್ಥ್. ಉಳಿದವರು ನಕ್ಕರು.

ಶೀತಲಳ ಕಣ್ಣು ಶೋಭಾಳ ಎದೆಯ ಮೇಲೆ ನಿಂತಿತು. ಜಾಕೆಟ್ಟಿನ ಜಿಪ್ಪು ಇಳಿದಿದ್ದಲ್ಲಿ ಟೀಶರ್ಟು ಎರಡು ಕಡೆ ಒದ್ದೆಯಾಗಿತ್ತು. ಅವಳು ದನಿ ತಗ್ಗಿಸಿ, ನಿಜವಾದ ಕಕ್ಕುಲಾತಿಯಿಂದಲೇ ಕೇಳಿದಳು.

“ಫೀಡ್ ಮಾಡ್ತಿದ್ದೀರಾ? ಎಷ್ಟು ತಿಂಗಳು?”

“ಐದು ಮೇಡಂ. ಒಂಬತ್ತಕ್ಕೆ ಹೋಗ್ಲೇಬೇಕು. ಬಾಟಲಿ ಕುಡಿಯಲ್ಲ.”

“ನಂದೂ ಹಂಗೇ ಹಟ ಮಾಡ್ತಿತ್ತು. ಎಲ್ಲಾ ನಮ್ಮ ಕೈಯಲ್ಲೇ ಇರುತ್ತೆ ಶೋಭಾ, ನಾವೇ ಅಭ್ಯಾಸ ಮಾಡಿಸ್ಬೇಕು. ಹಾಲು ಪಂಪ್ ಮಾಡಿ ಫ್ರಿಜ್ಜಲ್ಲಿಟ್ಟು ಬರ್ಬೇಕಪ್ಪ.” ಆಮೇಲೆ ಗುರುರಾಜನ ಕಡೆ ತಿರುಗಿದಳು. “ನಮಗೆ ಹತ್ತು ಗಂಟೆಗೆ ಬ್ರಂಚ್ ಬುಕ್ ಆಗಿದೆ. ನಾನಂತೂ ರಿಸ್ಕ್ ತಗೊಳ್ಳಲ್ಲ.”

ಮುಂದಿನಿಂದ ತಿರುಗಿ ಬಂದಿದ್ದ ಗುರುರಾಜ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. “ಕೊಟ್ಬಿಡಿ ಶೋಭಾ ಅವ್ರೇ.”

“ಸಾರ್, ಮಗು—”

“ಗೊತ್ತು ಕಣ್ರೀ. ಒಂದರ್ಧ ಗಂಟೆ ಹೆಚ್ಚು ಕಮ್ಮಿ. ಆ ಒಂದ್ ಗೀಟಲ್ಲಿ ಬರುತ್ತೆ ಅಂತ ನೀವೇ ಹೇಳಿದ್ರಲ್ಲ.”

ಅವಳೇ ಹೇಳಿದ್ದಳು, ನಿಜ. ಬೀಗ ತೆಗೆದು ತನ್ನ ಬ್ಯಾಟರಿ ಎಳೆದು ಶೀತಲಳ ಗಾಡಿಗೆ ಹಾಕಿದಳು, ಅವಳದನ್ನು ತನ್ನದಕ್ಕೆ. ಹಾಕುವಾಗ ಕೈಗೆ ಗೊತ್ತಾಯಿತು, ಈ ಪ್ಯಾಕಿನಲ್ಲಿ ಒಂದು ಸಾಲು ಸೊರಗಿದೆ, ಗೀಟು ಸುಳ್ಳು ಹೇಳುತ್ತಿದೆ ಎಂದು. ಗುಂಪು ಹೊರಟಿತು. ಶೀತಲ್ ತಿರುಗಿ ನೋಡಿ ಕೈಬೀಸಿದಳು. ಮಂಜು ಒಬ್ಬೊಬ್ಬರನ್ನಾಗಿ ನುಂಗಿತು.

ಅರ್ಧ ಕಿಲೋಮೀಟರು ಬಂತು, ಅಷ್ಟೇ. ಆಮೇಲೆ ಡಿಸ್‌ಪ್ಲೇ ಒಮ್ಮೆ ಮಿಣುಕಿ ಕಪ್ಪಾಯಿತು. ಗಾಳಿ ಇಳಿದ ಟೈರು, ಎರೆಮಣ್ಣು, ಮೂವತ್ತು ಕಿಲೋ ಕಬ್ಬಿಣ. ತುಳಿದರೆ ಗಾಡಿ ಕೆಸರನ್ನು ಬಾಚಿ ತಬ್ಬಿಕೊಂಡಿತು. ಇಳಿದು ತಳ್ಳಿದಳು. ಚೀಲದ ಪಟ್ಟಿ ಎದೆಯ ಮೇಲೆ ಹಾಯುವಲ್ಲಿ ನೋವು ಶುರುವಾಗಿತ್ತು. ಪಟ್ಟಿ ಸಡಿಲಿಸಿದಳು, ಚೀಲ ಜಾರಿ ಮೊಣಕಾಲಿನ ಹಿಂಬದಿಗೆ ಬಡಿಯಿತು. ಕೆರೆಯ ಏರಿ ಹತ್ತಿ ನಿಂತಾಗ ಒಂಬತ್ತಾಗಿತ್ತು. ಅಂಗಡಿಗೆ ಇನ್ನೂ ಒಂಬತ್ತು ಕಿಲೋಮೀಟರು. ಗಾಳಿ ತುಂಬುವ ಕರೆಂಟ್ ಪಂಪು ಗುರುರಾಜನ ಚೀಲದಲ್ಲಿ ಹೋಗಿತ್ತು. ಸೀಟಿನ ಕೆಳಗಿದ್ದ ಕೈಪಂಪಿನಿಂದ ಒಂದೊಂದು ಟೈರಿಗೆ ಇನ್ನೂರು ಮುನ್ನೂರು ಸಲ ಒತ್ತಬೇಕು. ಒತ್ತಿದಾಗಲೆಲ್ಲ ಮೊಣಕೈ ಎದೆಗೆ ತಾಗುತ್ತಿತ್ತು. ನಡುವೆ ನಿಲ್ಲಿಸಿ ಮನೆಗೆ ಫೋನ್ ಮಾಡಿದಳು.

ಅತ್ತೆ ಎತ್ತಿದರು. ಅವರ ಮಾತಿಗಿಂತ ಮೊದಲು ಮಗುವಿನ ಅಳು ಬಂತು.

“ಎಲ್ಲಿ ಸತ್ತೀಯವಾ? ಕೂಸು ಉಸಿರು ಕಟ್ಟಿ ಅಳಾಕತ್ತೈತಿ.”

“ಅತ್ತೆ, ಗಾಡಿ ನಿಂತೋಗಿದೆ. ಸಕ್ಕರೆ ನೀರು ಒಂದ್ ಚಮಚ… ಬೇಡ, ಬೇಡ, ಕುದಿಸಿದ ನೀರು ಮಾತ್ರ. ಎತ್ಕೊಂಡು ತಿರುಗಾಡಿ. ಬಂದೆ.”

“ನೀ ಬರೂತನ ನಾ ಏನ ಹಾಡ ಹೇಳ್ಲೇನ?” ಫೋನು ಕಟ್ಟಾಯಿತು.

ಆ ಅಳು ಕೇಳಿದ್ದೇ ತಡ, ಎದೆಯಿಂದ ಹಾಲು ತಾನಾಗಿ ಹರಿದು ಹೊಟ್ಟೆಗಿಳಿಯಿತು. ಚಳಿಗಾಳಿಗೆ ಕ್ಷಣದಲ್ಲಿ ಅದು ಮಂಜಿನಷ್ಟು ತಣ್ಣಗಾಯಿತು. ಶೀತ ಆದರೆ ಹಾಲಿಗೂ ಶೀತ, ಮಗುವಿಗೂ ಶೀತ. ಅಷ್ಟು ಹೊತ್ತು ಅತ್ತರೆ ಹೊಕ್ಕುಳು ಉಬ್ಬುತ್ತದೆ. ಉಸಿರು ಕಟ್ಟಿತು ಅಂದರಲ್ಲ, ತುಟಿ ನೀಲಿಯಾಗಿತ್ತೋ ಏನೋ, ಕೇಳಲಿಲ್ಲ. ಮತ್ತೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಒಂಬತ್ತೂಮುಕ್ಕಾಲಿಗೆ ಮಾಡಿದಳು. ಎತ್ತಲಿಲ್ಲ.

ಅಷ್ಟು ಹೊತ್ತಿಗೆ ಟಾರ್ ರಸ್ತೆಯಲ್ಲಿ ತುಳಿಯುತ್ತಿದ್ದಳು, ಫೋನಿನ ಚಾರ್ಜೂ ಮುಗಿದಿತ್ತು. ಅವರೆಕಾಯಿ ಮೂಟೆ ಹೇರಿಕೊಂಡ ಮೊಪೆಡ್ಡೊಂದು ಪಕ್ಕಕ್ಕೆ ಬಂದು ನಿಧಾನವಾಯಿತು. ಮಫ್ಲರ್ ಸುತ್ತಿದ ಮುದುಕ.

“ಏನಕ್ಕ ಇದು, ಎತ್ತಿನಗಾಡಿ ಗಾಲಿ ಆಕೊಂಡಿದೀಯ. ಓಡಲ್ವಾ?”

“ಬ್ಯಾಟರಿ ಹೋಯ್ತು ಅಣ್ಣ. ಕಾಡುಗೋಡಿಗೆ ಹೋಗ್ಬೇಕು. ಮನೇಲಿ ಮಗು.”

“ಕರೆಂಟ್ ಓದ್ರೆ ಕಲ್ಲು ಇದು. ಇಡ್ಕ ಮೂಟೆ ಅಗ್ಗ. ಬಿದ್ರೆ ನನ್ ಬೈಬ್ಯಾಡ, ಅಷ್ಟೇಯ.”

ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಹ್ಯಾಂಡಲ್. ನಾಲ್ಕು ಕಿಲೋಮೀಟರು ಹಾಗೆ ಎಳೆಸಿಕೊಂಡು ಬಂದಳು. ಹಗ್ಗ ಅಂಗೈಯ ಚರ್ಮ ಕಿತ್ತಿತು. ಸಂತೆಯ ತಿರುವಿನಲ್ಲಿ ಮುದುಕ ಬಿಡು ಅಂದ, ಬಿಟ್ಟಳು, ವಾಲಿ ಬಿದ್ದಳು. ಅವನು ಹಿಂದೆ ನೋಡದೆ ಹೋದ. ಎದ್ದು ಮೊಣಕಾಲಿನ ಗಾಯ ನೋಡಿಕೊಳ್ಳದೆ ಉಳಿದದ್ದನ್ನು ತುಳಿದಳು. ಅಂಗಡಿಗೆ ಹೋಗಲಿಲ್ಲ. ಸೀದಾ ಮನೆಯ ಮುಂದೆ ಗಾಡಿಯನ್ನು ಗೋಡೆಗೆ ಒರಗಿಸಿ ಬಾಗಿಲಿಗೆ ಬಂದಾಗ ಹತ್ತೂಮುಕ್ಕಾಲು.

ಒಳಗೆ ಸದ್ದಿರಲಿಲ್ಲ. ಅಳು ಇಲ್ಲದ್ದು ಅವಳನ್ನು ಇನ್ನಷ್ಟು ಹೆದರಿಸಿತು. ಬಾಗಿಲು ದೂಡಿದಳು.

ಅತ್ತೆ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಗು ಹಾಸಿಗೆಯಲ್ಲಿ ಎರಡೂ ಕೈ ಮೇಲೆತ್ತಿ ಮಲಗಿತ್ತು, ಬಾಯಿಯ ಅಂಚಿನಲ್ಲಿ ಬಿಳಿ ಗೆರೆ. ಪಕ್ಕದಲ್ಲಿ ಖಾಲಿ ಬಾಟಲಿ.

“ಮಲಗೇತಿ. ಬೂಟು ಹೊರಗ ಬಿಡು,” ಅಂದರು ಅತ್ತೆ.

“ಕುಡೀತಾ?”

“ಕುಡೀದೆ ಏನ ಮಾಡ್ತೈತಿ? ಆ ನಿಪ್ಪಲ್ಲಿನ ತೂತು ಸಾಸಿವಿ ಕಾಳಿನಷ್ಟೂ ಇರ್ಲಿಲ್ಲ. ಅಷ್ಟರಾಗ ಯಾವ ಕೂಸು ಚೀಪತೈತಿ? ಸೂಜಿ ಕಾಸಿ ಒಂದೀಟು ದೊಡ್ಡದ ಮಾಡಿದೆ. ಪುಡಿ ಹಾಲು ಕಲಿಸಿ ಕೊಟ್ರ ಗಟಗಟ ಕುಡದು ತೇಗಿತು. ಇಷ್ಟ ತಿಂಗಳ ಸುಮ್ಮ ಉಪವಾಸ ಹಾಕಿದಂಗಾತು.” ಒಂದು ಎಸಳು ಸುಲಿದು ಬಟ್ಟಲಿಗೆ ಹಾಕಿದರು. “ನಿಮ್ಮ ಗುರುರಾಜ ಫೋನ್ ಮಾಡಿದ್ದ. ನಿನ್ನ ಫೋನ್ ಸ್ವಿಚಾಫ್ ಅಂತ. ಗಾಡಿ ಎಲ್ಲಿ ಅಂತ ಕೇಳಿದ. ಕೂಸು ಹೆಂಗೈತಿ ಅಂತನೂ ಕೇಳಿದ, ಪಾಪ. ಬಾಟಲಿ ಕುಡದು ಮಲಗೇತಿ ಅಂದೆ. ಹಂಗಾರ ಮುಂದಿನ ವಾರದಿಂದ ಎರಡೂ ಬ್ಯಾಚಿಗೆ ಬರ್ಲಿ ಅಂದ. ಬರ್ತಾಳಂದೆ.”

ಶೋಭಾ ಬೂಟು ಬಿಚ್ಚಿದಳು. ಕೈಕಾಲು ತೊಳೆದಳು, ಕೈಯನ್ನು ಉಜ್ಜಿ ಬಿಸಿಮಾಡಿಕೊಂಡಳು. ಹಾಸಿಗೆಯ ಹತ್ತಿರ ಕೂತಳು. ಎದೆ ಕಲ್ಲಾಗಿತ್ತು, ಕಂಕುಳವರೆಗೆ ಗಂಟುಗಂಟಾಗಿ ಸುಡುತ್ತಿತ್ತು. ಮಗುವಿನ ಕೆನ್ನೆಯನ್ನು ಬೆರಳಿನಿಂದ ತಟ್ಟಿದಳು. ಅದು ತುಟಿ ಚಪ್ಪರಿಸಿ, ನಿದ್ದೆಯಲ್ಲೇ ಮುಖವನ್ನು ಆಚೆ ತಿರುಗಿಸಿತು. ಇನ್ನೊಮ್ಮೆ ತಟ್ಟಿದಳು. ಏಳಲಿಲ್ಲ. ಅತ್ತೆ ಬಟ್ಟಲೆತ್ತಿಕೊಂಡು ಒಲೆಯ ಕಡೆ ತಿರುಗಿದ್ದರು.

ಶೋಭಾ ಕಾಲುಚೀಲ ಸರಿಸಿದಳು, ಮೀನಖಂಡದ ಮೆತ್ತನೆಯ ಜಾಗ ಹುಡುಕಿ, ಎರಡು ಉಗುರುಗಳ ನಡುವೆ ಹಿಡಿದು ಚಿವುಟಿದಳು.

ಮಗು ಒಮ್ಮೆ ಉಸಿರೆಳೆದು, ಕ್ಷಣ ಬಿಟ್ಟು, ಚೀರಿತು. ಅವಳು ತಕ್ಷಣ ಎತ್ತಿ ಎದೆಗಿಟ್ಟಳು. ಬಿಗಿದು ಹೋಗಿದ್ದ ಎದೆ ಅದರ ಬಾಯಿಗೆ ಸಿಗಲಿಲ್ಲ. ಎರಡು ಸಲ ಜಾರಿತು, ಮೂರನೇ ಸಲ ಹಾಲು ಚಿಮ್ಮಿ ಮೂಗಿಗೆ ಹೋಯಿತು. ಮಗು ಕೆಮ್ಮಿ, ಬೆನ್ನು ಸೆಟೆಸಿ, ಮುಖ ಕಿವುಚಿ, ಎರಡೂ ಕೈಗಳಿಂದ ಅವಳನ್ನು ದೂಡಿತು.

“ಕೊಡಿಲ್ಲಿ,” ಎಂದು ಅತ್ತೆ ಬಂದು ಎತ್ತಿಕೊಂಡರು. ಭುಜಕ್ಕೆ ಹಾಕಿ ನಾಲ್ಕು ಸಲ ತಟ್ಟಿದ್ದಕ್ಕೇ ಅಳು ಬಿಕ್ಕಾಗಿ, ಬಿಕ್ಕು ನಿಟ್ಟುಸಿರಾಯಿತು. ಅವರ ಕೈ ಮಗುವಿನ ಕಾಲಿನ ಮೇಲೆ ನಿಂತಿತು. ಕಾಲನ್ನು ಬೆಳಕಿಗೆ ಹಿಡಿದರು. ಕೆಂಪಗೆ ಎರಡು ಗೀರು ಎದ್ದಿದ್ದವು.

“ಇರವಿ ಕಡದೈತಿ ನೋಡಿಲ್ಲಿ. ಹಾಲು ಬಿದ್ದಲ್ಲಿ ಬಂದಿರತೈತಿ. ಆ ಹಾಸಿಗಿ ಝಾಡಿಸು.”

ಶೋಭಾ ಟೀಶರ್ಟು ಇಳಿಸಿಕೊಂಡು ಎದ್ದಳು. ಕೌದಿ ಎತ್ತಿ ಬಾಗಿಲ ಹೊರಗೆ ಕೊಡವಿದಳು. ದಿಂಬು ತಿರುಗಿಸಿ ನೋಡಿದಳು. ಆಮೇಲೆ ಗಾಯದ ಮೊಣಕಾಲನ್ನು ನೆಲಕ್ಕೆ ಊರಿ, ಮೊಬೈಲಿನ ದೀಪವೂ ಇಲ್ಲದೆ, ಗೋಡೆಯ ಮೂಲೆಯಿಂದ ಮೂಲೆಗೆ, ಚಾಪೆಯ ಹೆಣಿಗೆಯ ಸಂದಿ ಸಂದಿಯಲ್ಲಿ ಬಹಳ ಹೊತ್ತು ಇರುವೆ ಹುಡುಕಿದಳು.