ಹಿಂದಕ್ಕೆ ಓಡಿಸುವ ವಿದ್ಯೆ

ಹೆನ್ನಿಂಗ್ ಡ್ರಾಲೆಯ ಟ್ಯಾಂಕಿಗೆ ತೋಪಿಲ್ಲ. ತೋಪಿನ ಹಾಗೆ ಮುಂದಕ್ಕೆ ಚಾಚಿಕೊಂಡಿರುವುದು ಬರೀ ಉಕ್ಕಿನ ಕೊಳವೆ. ತೋಪು ಎಲ್ಲಿಯವರೆಗೆ ಬರುತ್ತದೆ, ಎದುರಿನ ಮರಕ್ಕೆ ಎಲ್ಲಿ ತಾಗುತ್ತದೆ ಎಂದು ಕಲಿಯುವವನಿಗೆ ಅಂದಾಜು ಸಿಗಲಿ ಎಂದು ಅದನ್ನು ಕೂರಿಸಿದ್ದಾರೆ. ಗೋಪುರ ಇರಬೇಕಾದ ಜಾಗದಲ್ಲಿ ಗಾಜಿನ ಕೋಣೆ, ಅದರೊಳಗೆ ಮೂರು ಕುರ್ಚಿ. ಕೆಳಗೆ ಮೂತಿಯ ಹತ್ತಿರದ ಗೂಡಿನಲ್ಲಿ ಶಿಷ್ಯ ಕೂತು ಓಡಿಸುತ್ತಾನೆ, ಮೇಲೆ ಗಾಜಿನೊಳಗೆ ಹೆನ್ನಿಂಗ್ ಕೂತು ಬೈಯುತ್ತಾನೆ. ಬೆನ್ನಿಗೆ 'ಡ್ರೈವಿಂಗ್ ಸ್ಕೂಲ್' ಎಂಬ ಫಲಕ. ನಮ್ಮ ಹಳ್ಳಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಐವತ್ತು ಟನ್ನಿಗೂ ಮೀರಿದ ಆ ಪ್ರಾಣಿ ಹಾಲಿನ ವ್ಯಾನಿನ ಹಿಂದೆ ತೆಪ್ಪಗೆ ನಿಲ್ಲುತ್ತದೆ.

ಮೂವತ್ತಕ್ಕೂ ಹೆಚ್ಚು ವರ್ಷ ಸೇನೆಯ ಅನ್ನ ತಿಂದ ಹೆನ್ನಿಂಗ್ ಒಂದು ಗುಂಡೂ ಹಾರಿಸಿದವನಲ್ಲ. ಉತ್ತರ ಜರ್ಮನಿಯ ಹೈಡೆ ಎಂಬ ಸೀಮೆಯ ಮರಳು ಹೊಲಗಳಲ್ಲಿ ಆಲೂಗಡ್ಡೆ ಬೆಳೆಯುವವರ ಮಗ. ಸೇನೆಗೆ ಸೇರಿದಾಗ ಅವನಿಗೆ ಬೇಕಿದ್ದದ್ದು ತೋಪು ಹಾರಿಸುವವನ ಕುರ್ಚಿ. ಎಡಗಣ್ಣು ಮಂದ ಎಂದು ಹೇಳಿ ಚಾಲಕನ ಗೂಡಿಗೆ ತಳ್ಳಿದರು. ಓಡಿಸುವುದರಲ್ಲಿ ಕೈ ಪಳಗಿತ್ತು ನೋಡಿ, ಅದೇ ತಪ್ಪಾಯಿತು. ಕಲಿಸಲು ಹಾಕಿದರು, ಮತ್ತೆ ಅಲ್ಲಿಂದ ಬಿಡಲೇ ಇಲ್ಲ. ಅವನ ಹೆಂಡತಿಯ ತಮ್ಮ ಊವೆ ಬಿಯರ್ ಕುಡಿದಾಗಲೆಲ್ಲ ಒಂದೇ ಮಾತು ಹೇಳುತ್ತಾನೆ. "ನಮ್ಮ ಭಾವ ಓಡ್ಸೋದು ಟ್ಯಾಂಕಲ್ಲ ಕಣ್ರೋ, ಅಕ್ವೇರಿಯಮ್ಮು. ಒಳಗೆ ಒಂದು ಮುದಿ ಮೀನು."

ನಾನು ಪಕ್ಕದ ಮನೆಯವಳು, ಲಿಲ್ಯಾ. ಚಿಕ್ಕಂದಿನಲ್ಲಿ ಕಜಾಕ್‌ಸ್ತಾನದಿಂದ ಅಜ್ಜಿಯ ಜೊತೆ ಇಲ್ಲಿಗೆ ಬಂದ ಜರ್ಮನ್ ಮೂಲದವಳು, ಅಮ್ಮ ಉಕ್ರೇನಿನವಳು. ಹಲ್ಲಿನ ಡಾಕ್ಟರ ಬಳಿ ಟೋಕನ್ ಕೊಟ್ಟುಕೊಂಡು ನನ್ನ ಪಾಡಿಗೆ ನಾನಿದ್ದೆ. ಯುದ್ಧ ಶುರುವಾದ ಮರುವರ್ಷ ಉಕ್ರೇನಿನ ಸೈನಿಕರು ಟ್ಯಾಂಕ್ ಕಲಿಯಲು ನಮ್ಮ ಹಳ್ಳಿಯ ಪಕ್ಕದ ಸೇನೆಯ ತರಬೇತಿ ಬಯಲಿಗೆ ಬಂದರು. ಅವರ ಭಾಷೆ ಬಲ್ಲವರು ಸಾಲದೆ ಸೇನೆಯವರು ನನ್ನನ್ನೂ ಕರೆದರು. ಹಾಗೆ ನಾನು ಹೆನ್ನಿಂಗನ ಗಾಜಿನ ಕೋಣೆಯ ಎರಡನೇ ಕುರ್ಚಿಗೆ ಬಂದೆ.

ಅವನ ಬಗ್ಗೆ ಎರಡು ಸಂಗತಿ ಹೇಳಲೇಬೇಕು. ಮೊದಲನೆಯದು, ಅವನು ಸತ್ಯಸಂಧ. ಹಾಗೆಂದರೆ ಹೊಗಳಿಕೆ ಎಂದುಕೊಳ್ಳಬೇಡಿ. ಪಕ್ಕದ ಮನೆಯಲ್ಲಿ ಅಂಥವನೊಬ್ಬನಿದ್ದರೆ ಗೊತ್ತಾಗುತ್ತದೆ ಅದೆಷ್ಟು ತಲೆನೋವು ಎಂದು. ಒಮ್ಮೆ ಬೆಳಗಿನ ಜಾವ ಒಂದು ನರಪಿಳ್ಳೆಯೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ದಾಟಿಬಿಟ್ಟ. ದಾಟಿ ನೇರ ಪೊಲೀಸ್ ಠಾಣೆಗೆ ಹೋಗಿ "ನಾನು ದಾಟಿದೆ" ಎಂದು ಹೇಳಿ ದಂಡ ಕಟ್ಟಿ ಬಂದ. ಅಂದು ಅವನ ಹೆಂಡತಿ ಆಂಕೆ ಬೇಲಿಯ ಬಳಿ ನಿಂತು ನನಗೆ ಹೇಳಿದಳು. "ಇವರ ಜೊತೆ ಸಂಸಾರ ಮಾಡೋದಂದ್ರೆ ಕೋರ್ಟಲ್ಲಿ ಮಲಗಿದ ಹಾಗೆ ಕಣೆ."

ಎರಡನೆಯದು, ರಿವರ್ಸಿನ ಹುಚ್ಚು. ಟ್ಯಾಂಕನ್ನು ಮುಂದಕ್ಕೆ ಕತ್ತೆಯೂ ಓಡಿಸುತ್ತದೆ, ಹಿಂದಕ್ಕೆ ಓಡಿಸುವವನೇ ಚಾಲಕ ಎಂಬುದು ಅವನ ನಂಬಿಕೆ. ಹಿಂದಕ್ಕೆ ಹೋಗುವಾಗ ಚಾಲಕನಿಗೆ ಏನೂ ಕಾಣುವುದಿಲ್ಲ. ಮೇಲೆ ಕೂತ ಕಮಾಂಡರ್ ಎಡ, ಬಲ ಎನ್ನುತ್ತಾನೆ, ಕೆಳಗಿನವನು ಆ ಧ್ವನಿಯನ್ನು ನಂಬಿ ಓಡಿಸಬೇಕು. ಈ ಜರ್ಮನ್ ಲೆಪರ್ಡ್ ಟ್ಯಾಂಕು ಹಿಂದಕ್ಕೂ ಗಂಟೆಗೆ ಮೂವತ್ತು ಕಿಲೋಮೀಟರ್ ಓಡುತ್ತದೆ. ದಪ್ಪ ಉಕ್ಕಿನ ಮುಖವನ್ನು ಶತ್ರುವಿನ ಕಡೆ ಇಟ್ಟುಕೊಂಡೇ ಮರೆಗೆ ಸರಿಯಬಹುದು. ಅದನ್ನು ಕಟ್ಟಿದವರು ಅದಕ್ಕಾಗಿಯೇ ಹಾಗೆ ಕಟ್ಟಿದ್ದಾರೆ.

ಆದರೆ ನಮ್ಮ ಬಯಲಿನಲ್ಲಿ ಹಿಂದಕ್ಕೆ ಓಡಿಸುವಂತಿರಲಿಲ್ಲ. ಕೆಲವು ವರ್ಷದ ಹಿಂದೆ ಯಾವನೋ ಶಿಷ್ಯ ರಿವರ್ಸಿನಲ್ಲಿ ಹೋಗಿ ಅಧಿಕಾರಿಯೊಬ್ಬರ ಹೊಸ ಕಾರನ್ನು ರೊಟ್ಟಿ ಮಾಡಿದ್ದ. ಕಾರಿನಲ್ಲಿ ಯಾರೂ ಇರಲಿಲ್ಲ, ಗಾಯ ಯಾರಿಗೂ ಆಗಲಿಲ್ಲ. ಆದರೆ ನಿಯಮವೊಂದು ಹುಟ್ಟಿತು. ರಿವರ್ಸ್ ಹಾಕುವಾಗ ಒಬ್ಬ ಸೈನಿಕ ಟ್ಯಾಂಕಿನ ಮುಂದೆ, ಚಾಲಕನ ಕಣ್ಣಿಗೆ ಬೀಳುವಂತೆ ನಡೆಯುತ್ತಾ ಕೈಸನ್ನೆ ಮಾಡಬೇಕು. ಟ್ಯಾಂಕು ಅವನ ನಡಿಗೆಯನ್ನು ಮೀರಬಾರದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಆಡಿಕೊಳ್ಳುತ್ತಾರಲ್ಲ, ನಮ್ಮಲ್ಲಿ ಆ ಅಭ್ಯಾಸಕ್ಕೂ ಅಡ್ಡಗಾಲು.

ಆ ವಸಂತದಲ್ಲಿ ಹೆನ್ನಿಂಗನ ಪಾಲಿಗೆ ಬಂದವರು ಇಬ್ಬರು. ತೋಲಿಕ್ ಎಂಬವನಿಗೆ ನಲವತ್ತು ದಾಟಿತ್ತು. ಊರಿನಲ್ಲಿ ಸಕ್ಕರೆ ಬೀಟ್ರೂಟಿನ ಲಾರಿ ಓಡಿಸುತ್ತಿದ್ದವನು, ಒಂದು ವರ್ಷ ಹಳೆಯ ಸೋವಿಯತ್ ಟ್ಯಾಂಕನ್ನು ಯುದ್ಧದಲ್ಲಿ ಓಡಿಸಿದ್ದ. ಇನ್ನೊಬ್ಬ ಬೊಗ್ದಾನ್, ಇಪ್ಪತ್ತೈದರ ಒಳಗಿನವನು, ನಗದೆ ಮಾತಾಡಲು ಬಾರದವನು. ಬಂದ ವಾರದಲ್ಲೇ ಹೆನ್ನಿಂಗನಿಗೆ 'ರಿವರ್ಸ್ ಅಜ್ಜ' ಎಂದು ಹೆಸರಿಟ್ಟವನು ಅವನೇ.

ತೋಲಿಕ್ ಚೆನ್ನಾಗಿ ಓಡಿಸುತ್ತಿದ್ದ. ಆದರೆ ಹೆನ್ನಿಂಗ್ "ಎದುರಿಗೆ ಶತ್ರು!" ಎಂದು ಕೂಗಿದೊಡನೆ ಅವನ ಕೈ ಹಳೆಯ ದಾರಿ ಹಿಡಿಯುತ್ತಿತ್ತು. ಟ್ಯಾಂಕನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ, ಬೆನ್ನು ತೋರಿಸಿ ಓಟ. ಪ್ರತಿ ಸಲವೂ ಅದೇ. ಹೆನ್ನಿಂಗ್ ಟೊಪ್ಪಿಗೆ ತೆಗೆದು ಮೊಣಕಾಲಿಗೆ ಬಡಿಯುತ್ತಿದ್ದ.

"ಯಾಕೆ ತಿರುಗಿಸ್ತಾನೆ ಕೇಳು ಲಿಲ್ಯಾ. ಮದುವೆ ಮನೇಲಿ ಕುಣಿಯೋಕೆ ಬಂದಿದಾನಾ?"

ನಾನು ಕೇಳಿದೆ. ಹೆಡ್‌ಫೋನಿನಲ್ಲಿ ತೋಲಿಕ್‌ನ ಧ್ವನಿ ಬಂತು. "ಅಕ್ಕ, ಅಜ್ಜಂಗೆ ಹೇಳಿ. ರಿವರ್ಸ್ ಹಾಕ್ದವ್ನು ಸಾಯ್ತಾನೆ. ನಾನು ಕಣ್ಣಾರೆ ನೋಡಿದೀನಿ."

"ನಿಮ್ಮ ಟ್ಯಾಂಕಲ್ಲಿ ಸಾಯ್ತಾನೆ. ಹಿಂದಕ್ಕೆ ಹೋಗೋದ್ರಲ್ಲಿ ಅದು ಆಮೆ. ಇದು ಮುಂದಕ್ಕೆ ಓಡಿದ ಹಾಗೇ ಹಿಂದಕ್ಕೂ ಓಡುತ್ತೆ ಅಂತ ಹೇಳು. ತಿರುಗಿಸಿದ್ರೆ ಮಗ್ಗುಲು ತೋರಿಸ್ತೀಯ, ಬೆನ್ನು ತೋರಿಸ್ತೀಯ. ಅಲ್ಲಿ ಉಕ್ಕು ತೆಳು. ಕಾಯ್ತಾ ಇರೋನು ಅಲ್ಲಿಗೇ ಹೊಡೀತಾನೆ."

"ಹಿಂದಕ್ಕೂ ಓಡುತ್ತಾ? ಎಲ್ಲಿ ಓಡ್ತು?" ತೋಲಿಕ್ ಗೂಡಿನಿಂದ ತಲೆ ಹೊರಗೆ ಹಾಕಿ, ಮುಂದೆ ಎರಡೂ ಕೈ ಎತ್ತಿ ನಿಂತಿದ್ದ ಸನ್ನೆಯ ಸೈನಿಕನನ್ನು ತೋರಿಸಿದ. "ದಿನಾ ನೋಡ್ತಾ ಇದೀನಲ್ಲ ಅಕ್ಕ. ಆ ಪುಣ್ಯಾತ್ಮ ಬರ್ಲಿ ಬರ್ಲಿ ಅಂತ ದನ ಅಟ್ಟಿದ ಹಾಗೆ ಅಟ್ಕೊಂಡು ಬರ್ತಾನೆ. ನಿಮ್ದೂ ನಮ್ದರ ಹಾಗೇ, ಬಣ್ಣ ಒಂದು ಹೊಸದು."

ಇದಕ್ಕೆ ಹೆನ್ನಿಂಗ್ ಏನು ತಾನೇ ಹೇಳಬಲ್ಲ? ಬಾಯಲ್ಲಿ ಹೇಳುವುದು ಒಂದು, ಕಣ್ಣಿಗೆ ತೋರಿಸುವುದು ಇನ್ನೊಂದು. ಯಾವ ಶಿಷ್ಯ ಮೇಷ್ಟರ ಬಾಯನ್ನು ನಂಬುತ್ತಾನೆ?

ಒಂದು ದಿನ ಊಟದ ಹೊತ್ತಿಗೆ ತೋಲಿಕ್ ತಾನಾಗಿಯೇ ಹೇಳಿದ. ಅವನ ಹಿಂದಿನ ಟ್ಯಾಂಕಿನಲ್ಲಿ ಮೂವರಿದ್ದರು. ಕಾಡಿನಂಚಿನಲ್ಲಿ ಎದುರಿನಿಂದ ಗುಂಡು ಬಂತು, ತೋಲಿಕ್ ತಿರುಗಿಸಿದ. ಅರ್ಧ ತಿರುಗುವಷ್ಟರಲ್ಲಿ ಮಗ್ಗುಲಿಗೆ ಬಿತ್ತು. ಇಬ್ಬರು ಹೋದರು. "ಈ ಸಲ ಇನ್ನೂ ಬೇಗ ತಿರುಗಿಸ್ತೀನಿ" ಎಂದ, ಸೂಪಿನ ಬಟ್ಟಲು ನೋಡುತ್ತಾ. ಅದನ್ನು ನಾನು ಭಾಷಾಂತರಿಸಿದೆ. ಹೆನ್ನಿಂಗ್ ಚಮಚ ಕೆಳಗಿಟ್ಟು ಎದ್ದು ಮೇಜರರ ಕೋಣೆಗೆ ಹೋದ. ನಾನೂ ಹಿಂದೆಯೇ ಹೋದೆ, ಕರೆಯದಿದ್ದರೂ.

ಮೇಜರ್ ಫೋಲ್ಕರ್ಟ್ಸ್ ಕೆಟ್ಟವರೇನಲ್ಲ, ವಯಸ್ಸಿನಲ್ಲಿ ಚಿಕ್ಕವರು. "ಡ್ರಾಲೆಯವರೇ, ರಿವರ್ಸ್ ನಿಯಮ ಸಡಿಲಿಸಿ ಅಂತ ನಾಲ್ಕನೇ ಸಲ ಕೇಳ್ತಿದೀರಿ. ಸುರಕ್ಷತಾ ಸಮಿತಿಗೆ ಕಳಿಸಿದೀನಿ. ಅವರು ಸೇರೋದು ಜೂನಲ್ಲಿ."

"ಇವರು ಈ ತಿಂಗಳ ಕೊನೇಲಿ ಹೋಗ್ತಾರೆ."

"ಗೊತ್ತು. ಆದ್ರೆ ಇಲ್ಲಿ ಒಬ್ಬ ಹುಡುಗ ಟ್ಯಾಂಕಿನ ಚೈನಿನ ಕೆಳಗೆ ಸಿಕ್ಕಿಕೊಂಡ್ರೆ ಅವನ ತಾಯಿಗೆ ನಾನೇನು ಹೇಳ್ಲಿ?"

"ಅಲ್ಲಿ ಸಿಕ್ಕಿಕೊಂಡ್ರೆ ಯಾರು ಹೇಳ್ತಾರೆ?" ಎಂದ ಹೆನ್ನಿಂಗ್. ಫೋನು ರಿಂಗಾಯಿತು, ಮೇಜರ್ ಎತ್ತಿಕೊಂಡರು. ನನಗೆ ಆ ಫೋನನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು.

ಕೊನೆಯ ವಾರದ ಬುಧವಾರ ಮಧ್ಯಾಹ್ನ, ಬಯಲಿನ ತುದಿಯ ಉದ್ದ ಮರಳು ದಾರಿಯಲ್ಲಿ ಹೆನ್ನಿಂಗ್ ಟ್ಯಾಂಕು ನಿಲ್ಲಿಸಿದ. ಸನ್ನೆಯ ಸೈನಿಕನಿಗೆ "ಹೋಗಪ್ಪ, ಕ್ಯಾಂಟೀನಲ್ಲಿ ಕಾಫಿ ಕುಡಿದು ಬಾ. ನಿಧಾನಕ್ಕೆ ಬಾ" ಎಂದು ಹೇಳಿ ಕಳಿಸಿದ. ತಾನೇ ಕೆಳಗಿಳಿದು ಹಿಂದಿನ ದಾರಿಯನ್ನು ಕೊನೆಯತನಕ ನಡೆದು ನೋಡಿ ಬಂದ. ಮೂರನೇ ಕುರ್ಚಿಯಲ್ಲಿದ್ದ ಬೊಗ್ದಾನ್ ನನ್ನ ಕಿವಿಯಲ್ಲಿ ಕೇಳಿದ. "ಚಿಕ್ಕಮ್ಮಾ, ಅಜ್ಜಂಗೆ ಇವತ್ತು ಏನಾಗಿದೆ?"

ಹೆನ್ನಿಂಗ್ ಕುರ್ಚಿ ತಿರುಗಿಸಿ ಹಿಂದಕ್ಕೆ ಮುಖ ಮಾಡಿ ಕೂತ. "ತೋಲಿಕ್‌ಗೆ ಹೇಳು. ಅವನಿಗೆ ಏನೂ ಕಾಣೋದಿಲ್ಲ. ನನಗೆ ಕಾಣುತ್ತೆ. ರಿವರ್ಸ್ ಹಾಕಿ ಪೂರ್ತಿ ತುಳೀಲಿ. ನಾನು ನಿಲ್ಲು ಅನ್ನೋವರೆಗೆ ಕಾಲು ತೆಗೆದ್ರೆ ಕಿವಿ ಹಿಂಡ್ತೀನಿ."

"ಪೂರ್ತೀನಾ?" ಎಂದ ತೋಲಿಕ್.

"ಪೂರ್ತಿ!" ಎಂದು ಕೂಗಿದ್ದು ನಾನು, ಹೆನ್ನಿಂಗ್ ಬಾಯಿ ತೆರೆಯುವ ಮೊದಲೇ.

ಟ್ಯಾಂಕು ಒಮ್ಮೆ ಗುಟುರು ಹಾಕಿತು, ಆಮೇಲೆ ಹಿಂದಕ್ಕೆ ನುಗ್ಗಿತು. ಮರಗಳು ಎರಡೂ ಕಡೆಯಿಂದ ಮುಂದಕ್ಕೆ ಓಡತೊಡಗಿದವು. ಹೆನ್ನಿಂಗ್ "ಎಡ, ಸ್ವಲ್ಪ ಎಡ, ನೇರ" ಎನ್ನುತ್ತಿದ್ದ, ಅದು ಅವನ ಬಾಯಿಂದ ನನ್ನ ಬಾಯಿಗೆ ಬಂದು ಕೆಳಗಿಳಿಯುವಷ್ಟರಲ್ಲಿ ನಾವು ಎಲ್ಲಿಗೋ ಹೋಗಿರುತ್ತಿದ್ದೆವು. "ಬರ್ಲಿ, ಬರ್ಲಿ, ಇನ್ನೂ ಬರ್ಲಿ, ಬಲಕ್ಕೆ, ಬರ್ಲಿ ತೋಲಿಕ್, ಬರ್ಲಿ!" ಎಂದು ಕಿರುಚಿದೆ. ಮುಂದೆ ನಾವು ಬಿಟ್ಟು ಬಂದ ತಿರುವು ಧೂಳಿನಲ್ಲಿ ಮುಚ್ಚಿಹೋಯಿತು. ಹೆನ್ನಿಂಗ್ ನಿಲ್ಲು ಎಂದ. ನಿಂತಿತು.

ತೋಲಿಕ್ ಗೂಡಿನಿಂದ ಹೊರಬಂದು ಮುಂದಿನ ಉದ್ದ ದಾರಿಯನ್ನು ನೋಡಿದ, ಟ್ಯಾಂಕಿನ ಮುಖದ ಮೇಲೆ ಅಂಗೈ ಇಟ್ಟ. "ಅಕ್ಕ, ಇದು ಮೊದ್ಲೇ ನಮ್ಮತ್ರ ಇದ್ದಿದ್ರೆ..." ಎಂದ.

ಬೊಗ್ದಾನ್ ಕುಣಿಯುತ್ತಿದ್ದ. "ಈಗ ನಂದು! ಅಜ್ಜಾ, ಈಗ ನಂದು!"

ಹೆನ್ನಿಂಗ್ ಗಡಿಯಾರ ನೋಡಿದ. ನಾಲ್ಕಕ್ಕೆ ಬಯಲು ಮುಚ್ಚಬೇಕು, ಹಳ್ಳಿಯವರಿಗೆ ಗದ್ದಲ ಆಗಬಾರದು ಎಂಬ ಇನ್ನೊಂದು ನಿಯಮ. "ನಾಳೆ ಬೆಳಿಗ್ಗೆ ಮೊದಲನೇ ಸರದಿ ನಿಂದೇ" ಎಂದ. ಹುಡುಗ ಅವನ ಟೊಪ್ಪಿಗೆ ಕಿತ್ತು ತನ್ನ ತಲೆಗಿಟ್ಟುಕೊಂಡ.

ಅಂದು ಸಂಜೆ ಹೆನ್ನಿಂಗ್ ಏನು ಮಾಡಿದ ಗೊತ್ತೇ? ಕೈಕಾಲು ತೊಳೆದು ಮೇಜರರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದ! ಯಾರೂ ನೋಡಿರಲಿಲ್ಲ, ಯಾರೂ ಕೇಳಿರಲಿಲ್ಲ. ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಗಾಜಿನ ಕೋಣೆಯಲ್ಲಿ ಬೇರೊಬ್ಬ ಮೇಷ್ಟರು ಕೂತಿದ್ದನ್ನು ಕಂಡಾಗ. ಹೆನ್ನಿಂಗನನ್ನು ಬಿಡಿಭಾಗಗಳ ಗೋದಾಮಿಗೆ ಹಾಕಿದ್ದರು. ಓಡಿ ಹೋಗಿ ಹಿಡಿದೆ.

"ನಿನಗೆ ಬುದ್ಧಿ ಇದೆಯಾ? ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿರೋಕೆ ಆಗ್ಲಿಲ್ವಾ?"

"ಮಾಡಿದ್ದನ್ನ ಹೇಳಬೇಕಲ್ಲ" ಎಂದ, ಸಣ್ಣ ಹುಡುಗನ ಹಾಗೆ. "ಅಪಾಯ ಇಲ್ಲ ಅಂತ ಮಾಡಿ ತೋರಿಸಿದೀನಿ ಅಂದ್ರೆ ಒಪ್ಪಿಗೆ ಕೊಡ್ತಾರೆ ಅಂದುಕೊಂಡೆ."

"ಅವನು ನಿನ್ನ ಟೊಪ್ಪಿಗೆ ಹಾಕ್ಕೊಂಡು ಕಾಯ್ತಾ ಇದಾನೆ ಅಲ್ಲಿ!"

ಅವನು ಪೆಟ್ಟಿಗೆಯೊಂದನ್ನು ಎತ್ತಿ ಇನ್ನೊಂದರ ಮೇಲಿಟ್ಟ, ಮತ್ತೆ ಅದನ್ನೇ ಎತ್ತಿ ಮೊದಲಿನ ಜಾಗಕ್ಕಿಟ್ಟ. ಸಿಟ್ಟಿಗೆ ನನಗೆ ಅಳು ಬಂತು. ಬೊಗ್ದಾನ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಸ ಮೇಷ್ಟರು ನಿಯಮದ ಪ್ರಕಾರವೇ ಕಲಿಸಿದರು. ಮುಂದೆ ಸೈನಿಕ, ಹಿಂದಕ್ಕೆ ಮನುಷ್ಯನ ನಡಿಗೆ. ತಿಂಗಳ ಕೊನೆಗೆ ಅವರೆಲ್ಲ ಹೋದರು. ಬಸ್ಸು ಹತ್ತುವಾಗ ಬೊಗ್ದಾನ್ ಟೊಪ್ಪಿಗೆಯನ್ನು ನನ್ನ ಕೈಗೆ ಕೊಟ್ಟ. "ಅಜ್ಜಂಗೆ ಕೊಡಿ ಚಿಕ್ಕಮ್ಮಾ. ಬೇಜಾರು ಮಾಡ್ಕೋಬೇಡಿ ಅನ್ನಿ, ತೋಲಿಕ್ ಹೇಳಿಕೊಡ್ತಾನೆ."

ಜೂನಿನಲ್ಲಿ ಸಮಿತಿ ಸೇರಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಇವರು ತೆರೆದರು. ಅದೂ ಅರ್ಧ ಬಾಗಿಲು. ಸನ್ನೆಯ ಸೈನಿಕ ಬೇಡ, ಆದರೆ ವೇಗ ಹದಿನೈದು ಕಿಲೋಮೀಟರ್ ಮೀರಬಾರದು. ಹೆನ್ನಿಂಗನನ್ನು ಗೋದಾಮಿನಿಂದ ಗಾಜಿನ ಕೋಣೆಗೆ ಕರೆದರು. ಅವನು ಬಂದ, ಹೊಸ ತಂಡಕ್ಕೆ ಹದಿನೈದರಲ್ಲೇ ಕಲಿಸಿದ, ಒಂದು ಕೂದಲೆಳೆಯಷ್ಟೂ ಮೀರಲಿಲ್ಲ. ನಾನು ಅವನೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ.

ಶರತ್ಕಾಲದಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಕುಡಿಯುವಾಗ ನನ್ನ ಫೋನಿಗೆ ತೋಲಿಕ್‌ನ ಧ್ವನಿ ಸಂದೇಶ ಬಂತು. ಹೆನ್ನಿಂಗ್ ಎದುರಿಗೇ ಇದ್ದ. ಹಾಕಿದೆ.

"ಅಕ್ಕ, ಅಜ್ಜಂಗೆ ಹೇಳಿ. ಹೋದ ವಾರ ಎರಡು ಟ್ಯಾಂಕು ಹೋಗಿದ್ವಿ. ಎದುರಿಂದ ಹೊಡೆದ್ರು. ನಾನು ರಿವರ್ಸ್ ಹಾಕಿ ಪೂರ್ತಿ ತುಳಿದೆ. ಮುಖಕ್ಕೆ ಒಂದು ಬಿತ್ತು, ಏನೂ ಆಗ್ಲಿಲ್ಲ. ನಾಲ್ಕು ಜನಾನೂ ವಾಪಸ್ ಬಂದ್ವಿ. ಇನ್ನೊಂದು ಟ್ಯಾಂಕು ಬೊಗ್ದಾನ್‌ದು. ಅವನಿಗೆ ಬಾಯಲ್ಲಿ ಹೇಳಿದ್ದೆ ಅಕ್ಕ, ಎಷ್ಟೋ ಸಲ ಹೇಳಿದ್ದೆ. ಅವನು ತಿರುಗಿಸಿಬಿಟ್ಟ."

ನಾನು ಅದನ್ನು ಭಾಷಾಂತರಿಸಿದೆ. ಒಂದು ಶಬ್ದವನ್ನೂ ಬಿಡಲಿಲ್ಲ; ಬಿಡಬೇಕು ಅನ್ನಿಸಿತ್ತು. ಹೆನ್ನಿಂಗ್ ಟೊಪ್ಪಿಗೆ ತೆಗೆದ, ಈ ಸಲ ಮೊಣಕಾಲಿಗೆ ಬಡಿಯಲಿಲ್ಲ. ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತ. "ಗುರುವಾರ" ಎಂದ. "ಆ ಗುರುವಾರ ಬೆಳಿಗ್ಗೆ ಮೊದಲನೇ ಸರದಿ ಅವನದ್ದಿತ್ತು." ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಊಟ ಮುಗಿದ ಮೇಲೆ ಅವನು ಎದ್ದು ಟ್ಯಾಂಕಿಗೆ ಹೋದ. ಹೊಸ ಶಿಷ್ಯರು ಒಬ್ಬೊಬ್ಬರಾಗಿ ಗೂಡಿಗಿಳಿದರು. "ಪೂರ್ತಿ ತುಳಿ ಅಂತ ಹೇಳು" ಎಂದ ಹೆನ್ನಿಂಗ್. ನಾನು ಅವನನ್ನೇ ನೋಡಿದೆ. "ಹೇಳು ಲಿಲ್ಯಾ." ಹೇಳಿದೆ. ಅಂದು ಮರಳು ದಾರಿಯಲ್ಲಿ ಒಬ್ಬನನ್ನೂ ಬಿಡದೆ ಎಲ್ಲರನ್ನೂ ಮೂವತ್ತರಲ್ಲಿ ಹಿಂದಕ್ಕೆ ಓಡಿಸಿದ. ನಾಲ್ಕು ಗಂಟೆ ದಾಟಿದರೂ ನಿಲ್ಲಿಸಲಿಲ್ಲ.

ಶೆಡ್ಡಿಗೆ ಮರಳಿದಾಗ ಮೇಜರ್ ಫೋಲ್ಕರ್ಟ್ಸ್ ಬಾಗಿಲಲ್ಲೇ ನಿಂತಿದ್ದರು. ಟ್ಯಾಂಕಿಗೆ ಮೆತ್ತಿದ ಧೂಳನ್ನು ನೋಡಿದರು, ಶಿಷ್ಯರ ಮುಖಗಳನ್ನು ನೋಡಿದರು.

"ತಡವಾಯ್ತಲ್ಲ ಡ್ರಾಲೆಯವರೇ. ರಿವರ್ಸಲ್ಲಿ ಎಷ್ಟು ವೇಗದಲ್ಲಿ ಹೋದ್ರಿ?"

ಹೆನ್ನಿಂಗ್ ಅವರ ಕಣ್ಣಲ್ಲಿ ಕಣ್ಣಿಟ್ಟು ನಿಂತ.

"ಹದಿನೈದು" ಎಂದ.