ಎಸ್ತರಮ್ಮನ ಬುಟ್ಟಿ

ಇವತ್ತು ಬೆಳಿಗ್ಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೊರಟಿದ್ದೆ. ಮೊನ್ನೆ ಅವರ ಹೆಂಡತಿ ತೀರಿಕೊಂಡಿದ್ದರು. ಅಡುಗೆಮನೆಯ ಡಬ್ಬಿ ತೆರೆದಾಗ ಒಣ ಕೊಬ್ಬರಿಯ ಎಣ್ಣೆವಾಸನೆ ಮೂಗಿಗೆ ಬಂತು. ಒಂದು ಉಂಡೆ ಕೊಬ್ಬರಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ನೀವು ತಿಪಟೂರು ಕಡೆಯವರಾದರೆ ಇಷ್ಟು ಹೊತ್ತಿಗೆ ಹುಬ್ಬೇರಿಸಿರುತ್ತೀರಿ. ಕೊಬ್ಬರಿ ಮದುವೆಗೆ, ಮಡಿಲು ತುಂಬುವುದಕ್ಕೆ. ಸಾವಿನ ಮನೆಗೆ ಅದನ್ನು ಯಾರೂ ಒಯ್ಯುವುದಿಲ್ಲ. ನಾನು ಒಯ್ಯುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಹೋಟೆಲಿನಲ್ಲಿ ಉಣ್ಣುವ ಬ್ರಹ್ಮಚಾರಿ. ಆಗ ನಮ್ಮ ಬೀದಿಗೆ ಬಂದವರು ಎಸ್ತರಮ್ಮ ಮತ್ತು ರೈಲ್ವೆಯಲ್ಲಿದ್ದ ಅವರ ಗಂಡ ಬೆಂಜಮಿನ್. ಮುಂಬೈ ಕಡೆಯ ಯಹೂದಿಗಳು, ಮನೆಮಾತು ಮರಾಠಿ. ಬೀದಿಯವರು ಹೆಸರು ಕೇಳಿ ಕ್ರೈಸ್ತರೆಂದು ತೀರ್ಮಾನಿಸಿ, ಡಿಸೆಂಬರಿನಲ್ಲಿ ಕೇಕಿಗೆ ಕಾದು ನಿರಾಶರಾದರು. ಕಾದವರಲ್ಲಿ, ಖಚಿತಪಡಿಸಿಕೊಳ್ಳದೆ ಏನನ್ನೂ ನಂಬಬಾರದೆಂದು ಊರಿಗೆಲ್ಲ ಹೇಳುತ್ತಿದ್ದ ನಾನೂ ಇದ್ದೆ.

ಅವರ ಹಿರಿಯರು ಕೊಂಕಣದಲ್ಲಿ ಎಣ್ಣೆಗಾಣ ಆಡಿಸುತ್ತಿದ್ದರಂತೆ, ಅವರ ಧರ್ಮದಲ್ಲಿ ಕೆಲಸ ಕೂಡದ ಶನಿವಾರವೊಂದು ಬಿಟ್ಟು. "ಅದಕ್ಕೇ ಈ ಊರಿನ ವಾಸನೆ ನನಗೆ ತವರುಮನೆ ಥರ," ಎನ್ನುತ್ತಿದ್ದರು ಎಸ್ತರಮ್ಮ.

ಮುಂಬೈಯಲ್ಲಿ ಅವರ ಪ್ರಾರ್ಥನಾ ಮಂದಿರದ ಹೆಂಗಸರದೊಂದು ಗುಂಪಿತ್ತು. ಮಂದಿರಕ್ಕೆ ಸೇರಿದ ಯಾರ ಮನೆಯಲ್ಲಿ ಸಾವಾದರೂ, ಮಣ್ಣು ಮುಗಿಸಿ ಬಂದವರಿಗೆ ಮೊದಲ ಊಟ ಒಯ್ಯುವುದು ಆ ಗುಂಪಿನ ಕೆಲಸ. ಆ ತುತ್ತು ಸ್ವಂತ ಮನೆಯದಾಗಿರಬಾರದು, ಬೇರೆಯವರು ತಂದದ್ದೇ ಆಗಬೇಕು. ಶ್ರೀಮಂತರ ಮನೆಗೂ ಬಡವರ ಮನೆಗೂ ಒಂದೇ ಥರದ ಬಿದಿರು ಬುಟ್ಟಿ. ಅದರಲ್ಲಿ ಬೇಯಿಸಿದ ಮೊಟ್ಟೆ ಇರಬೇಕು. ಇನ್ನೊಂದು ನಿಯಮ: ದುಃಖದಲ್ಲಿರುವವರು ತಾವಾಗಿ ಮಾತಾಡುವ ತನಕ ಹೋದವರು ಬಾಯಿ ತೆರೆಯಬಾರದು.

ತಿಪಟೂರಿನಲ್ಲಿ ಗುಂಪಿರಲಿಲ್ಲ, ಬುಟ್ಟಿ ಇತ್ತು. ಎದುರುಮನೆ ಗೌರಮ್ಮನದು ಕೊಬ್ಬರಿ ವ್ಯಾಪಾರದ ಕುಟುಂಬ. ಶಿವಪೂಜೆಯ ಮನೆ, ಮೊಟ್ಟೆಯ ಮಾತೂ ಹೊಸ್ತಿಲು ದಾಟದು. ಅವರ ಅತ್ತೆ ತೀರಿಕೊಂಡಾಗ ಎಸ್ತರಮ್ಮ ಬುಟ್ಟಿಯಲ್ಲಿ ಬಾಳೆಹಣ್ಣು, ಅವಲಕ್ಕಿ ಇಟ್ಟುಕೊಂಡು ಹೋಗಿ, ಜಗಲಿಯಲ್ಲಿ ಸುಮ್ಮನೆ ಕೂತು ಬಂದರು. ನಾನಾದರೋ ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆ, ಕೊನೆಗೆ ಏನಂದರು ಎಂದೆಲ್ಲ ವಿಚಾರಿಸಿಕೊಂಡು ಬಂದಿದ್ದೆ.

"ಅದೇನಪ್ಪ ಆಯಮ್ಮ, ಮೂಗಿ ಹಂಗೆ ಕೂತಿದ್ದು ಎದ್ದೋದ್ಲು!" ಎಂದು ಗೌರಮ್ಮ ಸಿಡುಕಿದರು. ತಿಥಿ ಮುಗಿದ ಮೇಲೆ ಹೇಳಿದ್ದೇ ಬೇರೆ: "ಬಂದೋರ್ಗೆಲ್ಲ ಅದೇ ಕತೆ ಹೇಳಿ ನಾಲಿಗೆ ಬಿದ್ದೋಗಿತ್ತು ಕಣಪ್ಪ. ಆಯಮ್ಮ ಬಂದಾಗ್ಲೇ ನಂಗೆ ಅಳಾಕೆ ಪುರುಸೊತ್ತು ಸಿಕ್ಕಿದ್ದು."

ಬರಿದಾದ ಬುಟ್ಟಿ ವಾಪಸು ಕೊಡಬಾರದೆಂದು ಗೌರಮ್ಮ ಅದನ್ನು ಇಟ್ಟುಕೊಂಡೇ ಇದ್ದರು. ಅಷ್ಟರಲ್ಲಿ ಬೆಂಜಮಿನ್ ಹೃದಯಾಘಾತದಿಂದ ಹೋಗಿಬಿಟ್ಟರು.

ಬೆಂಗಳೂರಿನಲ್ಲಿ ಅವರ ಜನದ ಸ್ಮಶಾನದಲ್ಲಿ ಮಣ್ಣು ಮಾಡಿ, ಸಂಜೆ ಎಸ್ತರಮ್ಮನನ್ನು ವ್ಯಾನಿನಲ್ಲಿ ಕರೆತಂದೆವು. ಮಗಳು ಮುಂಬೈಯಿಂದ ಇನ್ನೂ ರೈಲಿನಲ್ಲಿದ್ದಳು. ಎಸ್ತರಮ್ಮ ನೆಲದ ಮೇಲೆ ಕೂತರು. ಸಕ್ಕರೆ ಕಾಯಿಲೆಯವರು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬೀದಿಯ ಹೆಂಗಸರು ಹಾಲು ಕಾಯಿಸಲು ಅವರದೇ ಒಲೆಯತ್ತ ಹೋದರೆ ಬೇಡವೆಂದು ತಲೆಯಾಡಿಸುತ್ತಿದ್ದರು. ಅವರಿಗೆ ತಂದುಕೊಡಬೇಕಾದ ಗುಂಪು ಮುಂಬೈಯಲ್ಲಿತ್ತು.

ನಾನು ಓಡಿಹೋಗಿ ಗೌರಮ್ಮನಿಗೆ ಬುಟ್ಟಿಯ ನಿಯಮ ಹೇಳಿದೆ.

"ಮೊಟ್ಟೇನೇ ಯಾಕಂತೆ?"

"ಅದು ಗುಂಡಗಿರುತ್ತೆ, ಎಲ್ಲೂ ಬಾಯಿಲ್ಲ. ದುಃಖ ಪಡೋರಿಗೂ ಮಾತಾಡಾಕೆ ಬಾಯಿರಲ್ಲ ಅಂತ."

ಗೌರಮ್ಮ ಅಟ್ಟ ಹತ್ತಿ, ಚಿಪ್ಪು ಬಿಡಿಸಿದ ಒಂದು ಉಂಡೆ ಕೊಬ್ಬರಿ ತಂದು ನನ್ನ ಮುಂದೆ ಹಿಡಿದರು. "ಇದಕ್ಕೆಲ್ಲೈತೆ ಬಾಯಿ, ತೋರ್ಸು."

ಅವರ ವಾರಗಿತ್ತಿ ಅಡ್ಡ ಬಂದಳು. "ಅಕ್ಕಾ, ತಲೆಗಿಲೆ ಕೆಟ್ಟೈತಾ? ಈಗ್ತಾನೆ ಗಂಡನ್ನ ಮಣ್ ಮಾಡಿ ಬಂದೋಳ್ಗೆ ಕೊಬ್ರೀನಾ? ನೋಡ್ದೋರು ಏನಂದಾರು?"

"ನೋಡ್ದೋರು ಆಯಮ್ಮಂಗೆ ಉಣ್ಣಾಕಿಕ್ತಾರೇನೇ? ಬುಡು ದಾರಿ."

ಮುದ್ದೆಯೂ ಗುಂಡಗೇ ಇರುತ್ತದಲ್ಲ ಎಂದು ನೀವು ಕೇಳಬಹುದು. ಗೌರಮ್ಮ ಅದನ್ನೂ ಇಟ್ಟರು, ಜೊತೆಗೆ ಹೆಸರುಕಾಳಿನ ಸಾರು. ಆ ಬುಟ್ಟಿಯನ್ನೇ ಹಿಡಿದು ಬೀದಿ ದಾಟಿ, ಎಸ್ತರಮ್ಮನ ಪಕ್ಕದಲ್ಲಿ ನೆಲಕ್ಕೆ ಕೂತರು. ಬೀದಿಯಲ್ಲೇ ಅತಿ ಹೆಚ್ಚು ಮಾತಾಡುವ ಹೆಂಗಸು ತುಟಿ ಬಿಗಿಹಿಡಿದು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಸ್ತರಮ್ಮ ಬುಟ್ಟಿಯನ್ನು ಗುರುತಿಸಿದರು. ಕೊಬ್ಬರಿಯನ್ನು ಕೈಗೆತ್ತಿಕೊಂಡು, ಬೆರಳಿನಿಂದ ಸುತ್ತಲೂ ಸವರಿದರು.

"ಬಾಯಿಲ್ಲ," ಎಂದರು. ಆಮೇಲೆ, "ಗೌರಮ್ಮ, ಚಾಕೂ ನಿಮ್ಮನೇದೇ ತರಬೇಕು."

"ತಂದಿವ್ನಿ ಕಣ್ರೀ," ಎಂದು ಗೌರಮ್ಮ ಸೆರಗಿನಿಂದ ಚಾಕು ತೆಗೆದರು. ಮೊದಲು ಮುದ್ದೆ ಉಣ್ಣಿಸಿದರು. ಕೊಬ್ಬರಿಯ ಒಂದು ಚೂರು ಬಾಯಿಗಿಟ್ಟುಕೊಂಡ ಮೇಲೆ ಎಸ್ತರಮ್ಮ ಅತ್ತರು.

ಆಮೇಲೆ ಅವರು ಮಗಳ ಜೊತೆ ಮುಂಬೈಗೆ ಹೋದರು. ಬುಟ್ಟಿ ಗೌರಮ್ಮನ ಮನೆಯಲ್ಲಿ ಉಳಿಯಿತು. ನಾನು ಆ ಊರು ಬಿಡುವ ತನಕ, ಬೀದಿಯ ಪ್ರತಿ ಸಾವಿನ ಮನೆಗೂ ಅದು ಹೋಗುತ್ತಿತ್ತು. ವಾರಗಿತ್ತಿಯೂ ಒಯ್ಯುತ್ತಿದ್ದಳು.

ಇವತ್ತು ಸಹೋದ್ಯೋಗಿಯ ಮುಂದೆ ಕೊಬ್ಬರಿ ಇಟ್ಟು ಕೂತೆ. ಯಾವ ಆಸ್ಪತ್ರೆ ಎಂಬ ಪ್ರಶ್ನೆ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಗೋಡೆಯ ಫ್ಯಾನು ಎಷ್ಟೋ ಸಲ ಅತ್ತಿತ್ತ ತಿರುಗಿತು. ಕೊನೆಗೆ ಅವರೇ ಅಂದರು: "ದಿನಾ ಕಾಫಿಗೆ ಸಕ್ಕರೆ ಜಾಸ್ತಿ ಹಾಕ್ತಿದ್ಲು. ದಿನಾ ಬಯ್ತಿದ್ದೆ."

ನಾನು ಕೇಳಿದ್ದರೆ ಆಸ್ಪತ್ರೆಯ ಹೆಸರಷ್ಟೇ ಸಿಗುತ್ತಿತ್ತು.