ಮೂವತ್ತು ಜೊತೆ ಚಪ್ಪಲಿ, ಮೂವತ್ತೊಂದು ಜನ

ಜಯನಗರದ ನಾಲ್ಕನೇ ಬ್ಲಾಕಿನ ಹತ್ತಿರ ಜಯಸಿಂಹ ಅವರದೊಂದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಕ್ಲಿನಿಕ್ಕು, ಮೇಲೆ ಆಫೀಸುಗಳು, ಮೂರನೇ ಮಹಡಿಯಲ್ಲಿ ಯೋಗ ಕಲಿಸುವ ಹಾಲ್. ಹತ್ತೊಂಬತ್ತು ವರ್ಷಗಳಿಂದ ಅಲ್ಲಿನ ದೀಪ, ಫ್ಯಾನು, ಎ.ಸಿ.ಗಳ ಉಸ್ತುವಾರಿ ಜಯಶೀಲಾ ಅವರದು. ಅವರು ಯಾವ ಬಾಗಿಲನ್ನೂ ಸುಮ್ಮನೆ ತೆರೆದು ನೋಡುವವರಲ್ಲ. ಹೊರಗೆ ಬಿಟ್ಟ ಚಪ್ಪಲಿ ಎಣಿಸುತ್ತಾರೆ. ಒಂದು ಜೊತೆಯೂ ಕಾಣದಿದ್ದರೆ ಮಾತ್ರ ಒಳಗೆ ಹೋಗಿ ಸ್ವಿಚ್ ಆರಿಸುತ್ತಾರೆ.

ಈ ವರ್ಷ ಕಟ್ಟಡದ ವಿದ್ಯುತ್ತನ್ನು ಕಂಪ್ಯೂಟರೇ ನಿಭಾಯಿಸಲಿ ಎಂದು ಜಯಸಿಂಹ ಅವರು ಭಾರ್ಗವ ಎಂಬ ಎಂಜಿನಿಯರನ್ನು ಕರೆಸಿದರು. ಅವನು ಕೋಣೆಕೋಣೆಗೂ ಅಲುಗಾಟ ಗುರುತಿಸುವ ಸೆನ್ಸರ್ ಹಾಕಿಸಿ, ಕಂಪ್ಯೂಟರಿನೊಳಗೆ ಆ ಕಟ್ಟಡದ್ದೇ ತದ್ರೂಪವೊಂದನ್ನು ಕಟ್ಟಿದ. ಗೋಡೆ, ಕಿಟಕಿ, ಬಿಸಿಲು, ಜನ ಎಲ್ಲವೂ ಅದರಲ್ಲಿತ್ತು. ಓಡಿಸಿ ನೋಡಿದರೆ ಸಂಜೆ ಐದೂವರೆಗೆ ಯೋಗದ ಹಾಲ್ ಖಾಲಿ. ನಿಜವಾದ ಮೀಟರಿನಲ್ಲಿ ಮಾತ್ರ ಎ.ಸಿ. ಓಡುತ್ತಲೇ ಇತ್ತು. ‘ಖಾಲಿ ಹಾಲ್‌ನಲ್ಲಿ ಎ.ಸಿ. ಆರಿಸದಿರುವುದು ಸಿಬ್ಬಂದಿಯ ಅಲಕ್ಷ್ಯ’ ಎಂದು ಅವನು ವರದಿಯಲ್ಲಿ ಬರೆದ.

ಜಯಸಿಂಹ ಅವರು ಅದನ್ನು ಓದಿ ಹೇಳಿದಾಗ ಜಯಶೀಲಾ ಅವರ ಮುಖ ಸಣ್ಣಗಾಯಿತು. ಇಷ್ಟು ವರ್ಷ ಉಳಿಸಿಕೊಂಡ ಹೆಸರು ಒಂದೇ ಸಾಲಿನಲ್ಲಿ ಹೋಗುವುದರಲ್ಲಿತ್ತು. ಅವರು ನೇರವಾಗಿ ಭಾರ್ಗವನ ಬಳಿ ಹೋದರು.

"ಸಾರ್, ಆ ಹೊತ್ತಲ್ಲಿ ಒಳಗೆ ಜನ ಇರ್ತಾರೆ."

"ಸೆನ್ಸರ್ ಸುಳ್ಳು ಹೇಳಲ್ಲ ಜಯಶೀಲಮ್ಮ."

"ನಾನೂ ಹೇಳಲ್ಲ ಸಾರ್. ಐದೂವರೆ ಆಯ್ತು, ಬನ್ನಿ ನೋಡೋಣ."

ಹಾಲ್‌ನ ಬಾಗಿಲಲ್ಲಿ ಅವರು ಬೆರಳು ಮಾಡಿ ಎಣಿಸಿದರು. "ಮೂವತ್ತು ಜೊತೆ. ಅಂದ್ರೆ ಮೂವತ್ತೊಂದು ಜನ."

"ಇದ್ಯಾವ ಲೆಕ್ಕ?"

"ಚೂಡಾಮಣಿ ಮೇಡಂ ಚಪ್ಪಲೀನ ಬ್ಯಾಗಲ್ಲಿ ಹಾಕ್ಕೊಂಡು ಒಳಗೇ ತಗೊಂಡ್ಹೋಗ್ತಾರೆ. ಹೋದ್ ತಿಂಗ್ಳು ಹೊಸಾ ಜೊತೆ ಕಳ್ಕೊಂಡ್ರು, ಪಾಪ."

ಭಾರ್ಗವ ಮೆಲ್ಲನೆ ಬಾಗಿಲು ತೆರೆದ. ಗುರುಗಳೂ ಸೇರಿ ಅಷ್ಟೂ ಜನ ಚಾಪೆಯ ಮೇಲೆ ಶವಾಸನದಲ್ಲಿ ಮಲಗಿದ್ದರು. ಒಬ್ಬರು ಸಣ್ಣಗೆ ಗೊರಕೆಯನ್ನೂ ಹೊಡೆಯುತ್ತಿದ್ದರು. ಉಸಿರೊಂದನ್ನು ಬಿಟ್ಟರೆ ಅಲುಗಾಡುವುದೇನೂ ಅಲ್ಲಿರಲಿಲ್ಲ. ಅವನು ಎರಡು ಸಲ ಎಣಿಸಿದ. ಮೂವತ್ತೊಂದು.

"ಬಾಗ್ಲು ಹಾಕ್ರಪ್ಪಾ, ತಣ್ಣಗಿರೋ ಗಾಳಿಯೆಲ್ಲ ಹೋಗುತ್ತೆ," ಎಂದರು ಒಬ್ಬರು ಅಜ್ಜಿ, ಕಣ್ಣು ಬಿಡದೆ.

ಮುಂದಿನ ಒಂದು ವಾರ ಭಾರ್ಗವ ಜಯಶೀಲಾ ಅವರ ಹಿಂದೆಯೇ ಮಹಡಿ ಹತ್ತಿ ಇಳಿದ. ಅವರು ಪ್ರತಿ ಬಾಗಿಲಲ್ಲೂ ಎಣಿಸಿ ಹೇಳಿದ್ದನ್ನು ಬರೆದುಕೊಂಡು ತದ್ರೂಪಕ್ಕೆ ಉಣಿಸಿದ. ಗ್ರಾಫ್‌ನಲ್ಲಿ ಕಂಪ್ಯೂಟರಿನ ಲೆಕ್ಕದ ಗೆರೆ ಮೀಟರಿನ ಗೆರೆಯ ಮೇಲೆಯೇ ಬಂದು ಕೂತಿತು. "ಸಖತ್!" ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಮೊದಲಿನ ಲೆಕ್ಕದಂತೆ ಎ.ಸಿ. ತಾನಾಗಿ ಆರುವ ಹಾಗೆ ಮಾಡಿದ್ದರೆ ಮೂವತ್ತೊಂದು ಜನ ಮಲಗಿದಲ್ಲೇ ಬೆವರುತ್ತಿದ್ದರೆಂದು ಜಯಸಿಂಹ ಅವರಿಗೆ ಅವನೇ ಹೇಳಿದ.

"ವರದೀಲಿ ಬರೆದ ಆ ಸಾಲು, ಸಾರ್?" ಎಂದರು ಜಯಶೀಲಾ.

"ಅಳಿಸ್ಬಿಟ್ಟೆ ನೋಡಿ."

"ಅಳಿಸಿದ್ರೆ ಸಾಲ್ದು. ಎಣಿಸಿದ್ದು ಯಾರು ಅಂತಾನೂ ಬರೀರಿ."

ಅವನು ನಗುತ್ತ ಟೈಪು ಮಾಡಿದ. ಜಯಶೀಲಾ ಅವರು ಪರದೆಗೆ ಬಗ್ಗಿ, ಒಂದೊಂದೇ ಅಕ್ಷರ ಓದಿದರು.

"‘ಶಿ’ ಅಲ್ಲ ಸಾರ್, ದೀರ್ಘ ಕೊಡಿ."